ಹದಿನಾಲ್ಕನೆಯ ಗಾಡಿಯ ಜೋಡಿ

ಘಟ್ಟದ ಹದಿನಾಲ್ಕನೆಯ ಗಾಡಿ ಬಿದ್ದು ಐದು ತಿಂಗಳಾಗಿತ್ತು. ಅದರ ಎಕ್ಸಲಿನ ಜೋಡಿ ಮಾತ್ರ ಬೆಳಗಾವಿಯ ಉದ್ಯಮಬಾಗದ ಪರೀಕ್ಷಾ ಕೇಂದ್ರದಲ್ಲಿ ಇನ್ನೂ ತಿರುಗುತ್ತಲೇ ಇತ್ತು.

ಅದನ್ನು ನೋಡಿಕೊಳ್ಳುತ್ತಿದ್ದವನು ಗುರುಶಾಂತ ಹಂಪಣ್ಣವರ. ಗಾಡಿ ಬಿದ್ದ ದಿನ ಅದನ್ನು ನಡೆಸುತ್ತಿದ್ದವಳು ಅವನ ಹೆಂಡತಿ ಕಸ್ತೂರಿ.

ಬೆಳಗಾವಿಯಿಂದ ಖಾನಾಪುರ ದಾಟಿ, ಘಟ್ಟ ಇಳಿದು ಕಾರವಾರ ಮುಟ್ಟುವ ಹೊಸ ಹಳಿಯ ಮೇಲೆ ಒಂಟಿ ಡಬ್ಬಿಯ ಗಾಡಿಗಳು ಓಡತೊಡಗಿ ಕೆಲವು ವರ್ಷಗಳಾಗಿದ್ದವು. ಆ ಇಳಿಜಾರಿಗೆ ಹಳೆಯ ಎಕ್ಸಲ್‌ಗಳು ತಡೆಯುತ್ತಿರಲಿಲ್ಲ. ಇಡೀ ಎಕ್ಸಲನ್ನು ಬೇರಿಂಗಿನ ಗಟ್ಟಿ ಉಕ್ಕಿನಲ್ಲೇ ಮಾಡೋಣವೆಂದರೆ ಅದು ಪೆಟ್ಟು ತಾಳದು, ಮುರಿಯುತ್ತದೆ. ಮೆತ್ತಗಿನ ಉಕ್ಕಿನಲ್ಲಿ ಮಾಡೋಣವೆಂದರೆ ರೋಲರ್ ಉರುಳುವ ಜಾಗ ಸವೆದುಹೋಗುತ್ತದೆ. ಹಾಗಾಗಿ ಎರಡನ್ನೂ ಕೂಡಿಸಿದರು. ಮೈ ಸಾದಾ ಉಕ್ಕಿನದು, ರೋಲರ್ ಉರುಳುವ ಕಡೆ ಮಾತ್ರ ಗಟ್ಟಿ ಉಕ್ಕಿನ ಹೊದಿಕೆ. ಎಕ್ಸಲನ್ನು ಮೊದಲು ಕೆಂಪಗೆ ಆಗದಷ್ಟು ಕಾಯಿಸಿ, ನಿಧಾನ ತಿರುಗಿಸುತ್ತ, ಅದರ ಸುತ್ತ ತಂತಿಯನ್ನು ಕರಗಿಸಿ ವೆಲ್ಡಿಂಗ್ ಸುತ್ತಬೇಕು. ಆಮೇಲೆ ಬೂದಿಯಲ್ಲಿ ಹೂತಿಟ್ಟು ಆರಿಸಬೇಕು. ಆರಿದ ಮೇಲೆ ಕಡೆದು, ಗಟ್ಟಿಗೊಳಿಸಿ, ಕನ್ನಡಿಯಂತೆ ತಿಕ್ಕಬೇಕು. ಗುರುಶಾಂತ ಕೆಲಸ ಶುರು ಮಾಡಿದ್ದೇ ಆ ವೆಲ್ಡಿಂಗ್ ಶಾಪಿನಲ್ಲಿ.

ಕಣ್ಣಿಗೆ ಎಷ್ಟು ನುಣುಪಾಗಿ ಕಂಡರೂ ಒಂದು ಉಕ್ಕು ಇನ್ನೊಂದಕ್ಕೆ ಅಂಟಿದ ಗೆರೆ ಒಳಗೆ ಇದ್ದೇ ಇರುತ್ತದೆ. ಲೋಹಕ್ಕೂ ದಣಿವಿದೆ. ಒಂದೇ ಭಾರ ಮತ್ತೆ ಮತ್ತೆ ಮೇಲೆ ಬಿದ್ದಾಗ ಒಂದು ದಿನ ಒಳಗೇ ಸಣ್ಣ ಬಿರುಕು ಹುಟ್ಟುತ್ತದೆ. ಅದು ಯಾವಾಗ ಎಂದು ಹೇಳಬಲ್ಲವರಿಲ್ಲ. ಅದಕ್ಕಾಗಿ ಸರ್ಕಾರ ಜೋಡಿ ಕಾನೂನು ತಂದಿತು. ಪ್ರತಿ ಎಕ್ಸಲನ್ನೂ ಒಂದೇ ಬೆಂಕಿಯಲ್ಲಿ, ಒಂದೇ ತಂತಿಯಲ್ಲಿ, ಒಬ್ಬನೇ ವೆಲ್ಡರನ ಕೈಯಲ್ಲಿ ಎರಡೆರಡು ಮಾಡಬೇಕು. ಚೀಟಿ ಎತ್ತಿ ಒಂದನ್ನು ಗಾಡಿಗೆ ಹಾಕಬೇಕು, ಇನ್ನೊಂದನ್ನು ಪರೀಕ್ಷಾ ಕೇಂದ್ರಕ್ಕೆ ಕೊಡಬೇಕು. ಕೇಂದ್ರದ್ದು ಹಗಲೂ ರಾತ್ರಿ ನಿಲ್ಲದೆ, ಹೆಚ್ಚು ಭಾರ ಹೊತ್ತು ತಿರುಗುತ್ತ ಯಾವಾಗಲೂ ಗಾಡಿಯದಕ್ಕಿಂತ ಮುಂದೆ ಇರಬೇಕು. ಅದು ಬಿರಿದ ದಿನ ಗಾಡಿಯದನ್ನು ಬದಲಿಸಬೇಕು. ಜೋಡಿ ನಿಂತರೆ ಗಾಡಿಯೂ ಮುಂದಿನ ನಿಲ್ದಾಣದಲ್ಲೇ ನಿಲ್ಲಬೇಕು.

ಜನ ಇದಕ್ಕೆ ಬೇಗ ಒಗ್ಗಿಕೊಂಡಿದ್ದರು. ಪ್ರತಿ ಗಾಡಿಯ ಬಾಗಿಲ ಮೇಲೆ ಒಂದು ಹಸಿರು ದೀಪ. ಜೋಡಿ ತಿರುಗುತ್ತಿರುವವರೆಗೆ ಅದು ಉರಿಯುತ್ತದೆ. ಹತ್ತುವಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ರೂಢಿಯಾಯಿತು. ಆಯುಧಪೂಜೆಯ ದಿನ ಚಾಲಕರ ಮನೆಯವರು ಕೇಂದ್ರಕ್ಕೆ ಬಂದು ತಮ್ಮ ತಮ್ಮ ಜೋಡಿಗೆ ಕುಂಕುಮ ಹಚ್ಚಿ ಹೋಗುತ್ತಿದ್ದರು. ಕಸ್ತೂರಿಯೂ ಹಚ್ಚಿದ್ದಳು.

ಆಗಸ್ಟಿನ ಒಂದು ಬೆಳಿಗ್ಗೆ, ಹಸಿರು ದೀಪ ಉರಿಯುತ್ತಿರುವಾಗಲೇ, ಹದಿನಾಲ್ಕನೆಯ ಗಾಡಿಯ ಎಕ್ಸಲ್ ಸುರಂಗದ ಬಾಯಲ್ಲಿ ಮುರಿಯಿತು. ಮುಂದಿನ ಸಾಲಿನಲ್ಲಿ ಕೂತವರೂ ಕಸ್ತೂರಿಯೂ ಹೋದರು.

ಕಾನೂನಿನಲ್ಲಿ ಒಂದು ಮಾತಿತ್ತು: ಜೋಡಿ ಬದುಕಿದ್ದರೆ ತಪ್ಪು ಲೋಹದ್ದಲ್ಲ, ಮನುಷ್ಯನದು. ಖಾನಾಪುರದ ಶೆಡ್ಡಿನಲ್ಲಿ ಆ ಎಕ್ಸಲ್ ಕೂಡಿಸಿದ ಫಿಟ್ಟರ್ ಯೂನುಸ್ ಮುಜಾವರನನ್ನು ಹಿಡಿದರು. ರೋಲರಿನ ಬಳೆಯನ್ನು ಸುತ್ತಿಗೆಯಿಂದ ಹೊಡೆದು ಕೂಡಿಸಿದ್ದಾನೆ, ಆ ಪೆಟ್ಟಿಗೆ ಹೊದಿಕೆ ಒಡೆದಿದೆ ಎಂದು ಮೊದಲ ವರದಿ ಹೇಳಿತು. ಜಾಮೀನಿನ ಮೇಲೆ ಹೊರಗೆ ಬಂದ ಅವನು ಕೋರ್ಟಿಗೆ ಅಲೆಯುತ್ತಿದ್ದ. ತನಿಖೆ ಮುಗಿಯುವವರೆಗೆ ಹದಿನಾಲ್ಕರ ಜೋಡಿಯನ್ನು ನಿಲ್ಲಿಸಕೂಡದೆಂದು ಕೋರ್ಟು ಆದೇಶ ಮಾಡಿತು. ಅದು ಈಗ ಸಾಕ್ಷಿ.

ಸತ್ತವಳ ಗಂಡನೆಂದು ಗುರುಶಾಂತನನ್ನು ತನಿಖೆಯಿಂದ ದೂರ ಇಟ್ಟರು. ಯಂತ್ರವನ್ನು ನೋಡಿಕೊಳ್ಳಬಾರದೆಂದು ಮಾತ್ರ ಯಾರೂ ಹೇಳಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಅವನು ಕೆಲಸಕ್ಕೆ ಬಂದು, ಗ್ರೀಸ್ ನೋಡಿದ, ಬಿಸಿ ನೋಡಿದ, ಪಕ್ಕದ ಯಂತ್ರಕ್ಕೆ ಹೋದ. ಹತ್ತಿರದವರು ಮಾತಾಡಿಸಲು ಹೆದರುತ್ತಿದ್ದರು. ಮಾತಾಡಿಸಿದರೂ ಅವನಿಗೆ ಏನೂ ಅನಿಸುತ್ತಿರಲಿಲ್ಲ.

ಮನೆಯಲ್ಲಿ ಕಸ್ತೂರಿಯ ತಾಯಿ ಗಂಗವ್ವ ಇದ್ದಳು. ಮಗಳ ಮಣ್ಣಿಗೆ ಬಂದವಳು ಮೊಮ್ಮಗಳು ಇಂಚರಾಳಿಗಾಗಿ ಉಳಿದುಬಿಟ್ಟಿದ್ದಳು. ದಿನಾ ಸಂಜೆ ಅಳಿಯ ಬೂಟು ಬಿಚ್ಚುವಾಗ ಒಳಗಿನಿಂದ ಒಂದೇ ಪ್ರಶ್ನೆ.

"ಅದು ಇನ್ನೂ ತಿರಗಾಕತ್ತೈತೇನ್ರಿ?"

"ಹೂಂನ್ರಿ ಅತ್ತಿ."

"ತಿರಗಲಿ."

ರೊಟ್ಟಿ ತಟ್ಟುವ ಸದ್ದು ಮತ್ತೆ ಶುರುವಾಗುತ್ತಿತ್ತು. ಇಂಚರಾ ಎಂಟು ವರ್ಷದವಳು. ಅಪ್ಪ ಬಂದ ಮೇಲೆ ಗದ್ದಲ ಮಾಡಬಾರದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೇ ಕಲಿತಿದ್ದಳು. ಒಮ್ಮೆ ಊಟಕ್ಕೆ ಕೂತಾಗ ಗಂಗವ್ವ ತಡೆಯಲಾರದೆ ಅಂದಳು, "ಅಳಿಯಂದ್ರ, ನೀವು ಒಮ್ಮೆರೆ ಅತ್ತೀರೇನು? ನಾ ಅಂತೂ ನೋಡಿಲ್ಲ."

"ಇಲ್ರಿ."

"ಯಾಕ?"

ಗುರುಶಾಂತ ಯೋಚಿಸಿದ. ಸುಳ್ಳು ಹೇಳಬೇಕೆನಿಸಲಿಲ್ಲ. "ಗೊತ್ತಿಲ್ರಿ. ಬರವಲ್ದು."

ಗಂಗವ್ವ ಅವನ ತಟ್ಟೆಗೆ ಪಲ್ಯ ಹಾಕಿದಳು. ಮತ್ತೆ ಆ ಮಾತು ತೆಗೆಯಲಿಲ್ಲ.

ಜನವರಿಯ ಒಂದು ರವಿವಾರ ಬೆಳಿಗ್ಗೆ ಯೂನುಸ್ ಮನೆಯ ಬಾಗಿಲಿಗೆ ಬಂದ. ಮೂವತ್ತರ ಆಸುಪಾಸಿನ ಆಳು, ಗಡ್ಡ ಬೆಳೆದಿತ್ತು. ಕೈಯಲ್ಲಿ ಒಂದು ಚೀಲ.

"ಸರ್, ಕಸ್ತೂರಿ ಅಕ್ಕಾರ ಸ್ವೆಟರ್ ಐತ್ರಿ. ಶೆಡ್ಡಿನಾಗ ಅವರ ಲಾಕರ್ ಖಾಲಿ ಮಾಡಾಕ ಹಚ್ಚಿದ್ರು. ಒಗದ ಬಿಡ್ತಾರ ಅಂತ ಇಸ್ಕೊಂಡ ಬಂದೀನ್ರಿ."

ಗಂಗವ್ವ ಹಿಂದಿನಿಂದ ಬಂದು ನಿಂತಳು. ಅವನ ಮುಖ ಅವಳಿಗೆ ಪೇಪರಿನಲ್ಲಿ ನೋಡಿ ಗೊತ್ತಿತ್ತು. ಚೀಲ ಕಸಿದುಕೊಂಡು ಕೇಳಿದಳು, "ಸುತ್ತಗಿಲೆ ಹೊಡದ ಕೂಡಿಸಿದ್ಯೋ ಇಲ್ಲೋ? ಅಷ್ಟ ಹೇಳು."

"ಇಲ್ಲವ್ವಾ. ಕಾಯಿಸಿ ಕೂಡಿಸೀನಿ. ಸುತ್ತಗಿ ಮುಟ್ಟಿಲ್ಲ."

"ಎಲ್ಲಾರೂ ಹಂಗ ಅಂತಾರ."

ಯೂನುಸ್ ಗುರುಶಾಂತನ ಕಡೆ ತಿರುಗಿ, ಏನಾದರೂ ಹೇಳಲೇಬೇಕೆನ್ನುವವನ ಹಾಗೆ ಹೇಳಿದ, "ಶೆಡ್ಡಿನಾಗ ಬಾಳ ಥಂಡಿ ಅಲ್ರಿ ಸರ್. ಮುಂಜಾನೆ ಗಾಡಿ ಎಲ್ಲಾ ಬರ್ಫ್ ಆಗಿರ್ತಾವು. ಅಕ್ಕಾರು ಅದಕ್ಕ ಒಂದ್ ಸ್ವೆಟರ್ ಅಲ್ಲೇ ಇಟ್ಟಿದ್ರು."

ಗಂಗವ್ವ ಬಾಗಿಲು ಹಾಕಿದಳು. ಒಳಗೆ ಹೋಗಿ ಸ್ವೆಟರನ್ನು ಮುಖಕ್ಕೆ ಒತ್ತಿ ಹಿಡಿದು ದನಿ ತೆಗೆದು ಅತ್ತಳು. ಇಂಚರಾ ಅವಳ ಸೆರಗು ಹಿಡಿದು ನಿಂತಳು. ಗುರುಶಾಂತ ಅಂಗಳದಲ್ಲೇ ನಿಂತಿದ್ದ. ಒಳಗಿನ ಅಳು ಕೇಳುತ್ತಿತ್ತು, ಆದರೆ ಅವನ ತಲೆಯಲ್ಲಿ ಇದ್ದದ್ದು ಬೇರೆ. ಗಾಡಿ ಬರ್ಫ್ ಆಗಿರುತ್ತದೆ. ಘಟ್ಟ ಏರಿ ಬಂದಾಗ ಕೈ ಸುಡುವಷ್ಟು ಬಿಸಿಯಾದ ಎಕ್ಸಲ್ ಬೆಳಗಾಗುವುದರೊಳಗೆ ತಣ್ಣಗಾಗಿರುತ್ತದೆ. ಅದು ದಿನಾ ಹಾಗೆ. ಕೇಂದ್ರದ ಜೋಡಿ ಕೂಡಿಸಿದ ದಿನದಿಂದ ಇಂದಿನವರೆಗೆ ಒಮ್ಮೆಯೂ ತಣ್ಣಗಾಗಿಲ್ಲ.

ಮರುದಿನ ಅವನು ಕೇಂದ್ರದ ಮುಖ್ಯಸ್ಥೆ ವಾರಿಜಾ ಇನಾಮದಾರರ ಕೋಣೆಗೆ ಹೋಗಿ, ಮುರಿದ ಎಕ್ಸಲಿನ ಚಿತ್ರಗಳನ್ನು ಕೇಳಿದ. ಇಷ್ಟು ದಿನ ಅವನು ಅವನ್ನು ಕೇಳಿರಲಿಲ್ಲ. ಕೊಡುವ ಹಾಗೂ ಇರಲಿಲ್ಲ. ವಾರಿಜಾ ತಮ್ಮ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು.

ಮುರಿದ ಮುಖದ ಮೇಲೆ ಗೆರೆಗಳಿದ್ದವು. ನೀರು ಇಳಿಯುತ್ತ ಹೋದ ಕೆರೆಯ ದಂಡೆಯಲ್ಲಿ ಉಳಿಯುವಂಥ ಗೆರೆಗಳು, ಒಂದರ ಸುತ್ತ ಒಂದು. ಬಿರುಕು ಒಂದಿಷ್ಟು ಬೆಳೆದು ನಿಂತ ಗುರುತು ಒಂದೊಂದು ಗೆರೆ. ಅವೆಲ್ಲ ಸುತ್ತಿಕೊಂಡಿದ್ದ ನಡುಬಿಂದು ಮೇಲ್ಮೈಯಲ್ಲಿ ಇರಲಿಲ್ಲ. ಹೊದಿಕೆಯ ಕೆಳಗೆ, ಎರಡು ಉಕ್ಕು ಕೂಡುವ ಗೆರೆಯ ಮೇಲಿತ್ತು.

"ಮ್ಯಾಲಿಂದ ಸುತ್ತಗಿ ಹೊಡದ್ರ ಬಿರಕು ಮ್ಯಾಲಿಂದ ಹುಟ್ಟಬೇಕ್ರಿ ಮೇಡಂ," ಎಂದ ಗುರುಶಾಂತ. "ಇದು ಕೆಳಗಿಂದ ಬಂದೈತಿ. ದಿನಾ ಒಂದೊಂದ ಹೆಜ್ಜಿ. ಗಾಡಿ ನಿಂತಾಗ, ತಣ್ಣಗ ಆದಾಗ."

"ತಣ್ಣಗ ಆದ್ರ ಏನಾಗ್ತದ?"

"ವೆಲ್ಡಿಂಗ್ ಹೊದಿಕೆ ಪೂರ್ತಿ ಗಟ್ಟಿ ಆಗಿರೂದಿಲ್ರಿ. ಒಳಗ ಮೆತ್ತನ ಕಣ ಉಳದಿರ್ತಾವು. ಬಿಸಿ ಇರೂ ತನಕ ಅವು ಸುಮ್ನಿರ್ತಾವು. ಪ್ರತಿ ಸಲ ತಣ್ಣಗ ಆದಾಗ ಒಂದಿಷ್ಟು ಗಟ್ಟಿ ಆಗಿ ಉಬ್ಬತಾವು. ಹೊದಿಕೆ ಉಬ್ಬತೈತಿ, ಒಳಗಿನ ಮೈ ಉಬ್ಬೂದಿಲ್ಲ. ನಡುವಿನ ಗೆರಿ ಎಳದಂಗ ಆಗತೈತಿ. ನಮ್ಮ ಜೋಡಿಗೆ ಅದು ಆಗೇ ಇಲ್ಲ. ಅದು ನಿಂತs ಇಲ್ಲ."

ವಾರಿಜಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಕೇಂದ್ರವನ್ನು ಕಟ್ಟಿ ನಿಲ್ಲಿಸಿದವರು ಅವರು. ಜೋಡಿ ನಿಲ್ಲಬಾರದು ಎಂಬ ನಿಯಮಕ್ಕೆ ಸಹಿ ಹಾಕಿದ ಸಮಿತಿಯಲ್ಲೂ ಇದ್ದರು.

"ನೀವು ಹೇಳೂದು ಖರೆ ಇರಬಹುದು," ಎಂದರು. "ತನಿಖಾಧಿಕಾರಿಗೆ ಬರೀತೀನಿ. ಕೋರ್ಟಿಂದ ಪರವಾನಗಿ ಬರಲಿಕ್ಕೆ ಎರಡು ಮೂರು ತಿಂಗಳಾದ್ರೂ ಬೇಕು."

"ಉಳದ ಗಾಡಿ ಓಡಾಕತ್ತಾವ್ರಿ. ಎಲ್ಲಾ ಇದs ಹೊದಿಕೆ. ಈಗ ಖಾನಾಪುರದಾಗ ಆಗಸ್ಟ್‌ಕಿಂತ ಹೆಚ್ಚು ಥಂಡಿ ಐತಿ."

"ಗುರುಶಾಂತ, ಒಂದು ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ. ಇದನ್ನ ಯಾರ ಸಲುವಾಗಿ ಮಾಡ್ಲಿಕ್ಕೆ ಹತ್ತೀರಿ? ಆ ಹುಡುಗನ ಸಲುವಾಗೋ, ಕಸ್ತೂರಿ ಸಲುವಾಗೋ?"

ಅವನಿಗೆ ಸಿಟ್ಟು ಬರಲಿಲ್ಲ. "ಯಾರ ಸಲುವಾಗೂ ಅಲ್ರಿ. ಲೆಕ್ಕ ತಪ್ಪೈತಿ, ಅದಕ್ಕ."

"ನಿಲ್ಲಿಸಿದ್ರ ನೀವs ಸಾಕ್ಷಿ ಕೆಡಿಸಿದ್ರಿ ಅಂತಾರ. ಬಿರಿಯದs ಹೋದ್ರ ಆ ಯೂನುಸ್‌ಗೆ ಇನ್ನೂ ಕಷ್ಟ. ಬಿರಿದ್ರ, ನೀವs ಮುರದ್ರಿ ಅಂತಾರ."

"ಅದಕ್ಕs ನಿಮ್ಮ ಮುಂದ ನಿಲ್ಲಸ್ತೀನಿ," ಎಂದು ಗುರುಶಾಂತ ಎದ್ದ.

ವಾರಿಜಾ ಅವನ ಹಿಂದೆ ಸಾಲಿನ ಕೊನೆಯ ಯಂತ್ರದವರೆಗೆ ನಡೆದು ಬಂದರು. ಗುರುಶಾಂತ ಕೆಂಪು ಗುಂಡಿ ಒತ್ತಿದ. ಎಕ್ಸಲ್ ಕೂಡಲೇ ನಿಲ್ಲಲಿಲ್ಲ. ಅಷ್ಟು ದಿನದ ವೇಗ ಅದರ ಮೈಯಲ್ಲಿತ್ತು. ಕುಂಯ್‌ಗುಡುತ್ತ, ದನಿ ಇಳಿಸುತ್ತ, ಕೊನೆಗೆ ಅರ್ಧ ಸುತ್ತು ಹಿಂದೆ ಮುಂದೆ ತೂಗಿ ನಿಂತಿತು. ಕುಂಕುಮ ಹಚ್ಚಿದ್ದ ಜಾಗದಲ್ಲಿ ಎಣ್ಣೆ ಕುಡಿದ ಕಪ್ಪು ಕಲೆಯೊಂದಿತ್ತು. ಬೇರೆ ಯಂತ್ರಗಳ ಆಪರೇಟರುಗಳು ಕೆಲಸ ಬಿಟ್ಟು ನೋಡುತ್ತಿದ್ದರು.

ವಾರಿಜಾ ಒಂದು ಕುರ್ಚಿ ತರಿಸಿ ಅಲ್ಲೇ ಕೂತರು. ಮೊಬೈಲ್ ತೆಗೆದು ತನಿಖಾಧಿಕಾರಿಗೆ ಫೋನ್ ಹಚ್ಚಿದರು. "ಹದಿನಾಲ್ಕರ ಜೋಡಿ ನಿಲ್ಲಿಸೇವಿ. ಹೌದು, ನಾವs ನಿಲ್ಲಿಸೇವಿ. ನಾನೂ ಇಲ್ಲೇ ಇದ್ದೀನಿ. ನಿಮ್ಮವರನ್ನ ಕಳಸ್ರಿ, ನೋಡಲಿ." ಫೋನ್ ಇಟ್ಟು ಗುರುಶಾಂತನ ಕಡೆ ತಿರುಗಿದರು. "ನಾ ನೋಡೇ ಇಲ್ಲ ಅನ್ನೂ ವಯಸ್ಸಲ್ಲ ನಂದು," ಎಂದರು.

ಮೀನು ಮಾರ್ಕೆಟಿನಿಂದ ಐಸ್ ತರಿಸಿ, ಗೋಣಿತಾಟಿನಲ್ಲಿ ಸುತ್ತಿ ಯಂತ್ರದ ಸುತ್ತ ಇಟ್ಟರು. ಖಾನಾಪುರದ ಶೆಡ್ಡಿನ ಥಂಡಿಗೆ ಸರಿಯಾಗುವವರೆಗೆ ಕಾದು, ಯಂತ್ರ ಶುರು ಮಾಡಿ, ಘಟ್ಟದ ಭಾರ ಹಾಕಿ, ಬಿಸಿಯಾದ ಮೇಲೆ ಮತ್ತೆ ನಿಲ್ಲಿಸಿದರು. ಹೊದಿಕೆಗೆ ಒಂದು ಸಣ್ಣ ಕಿವಿ ಅಂಟಿಸಿದ್ದರು. ಉಕ್ಕಿನೊಳಗೆ ಕೂದಲಷ್ಟು ಬಿರುಕು ಬಿಟ್ಟರೂ ಅದು ಕೇಳಿಸಿಕೊಂಡು ಪರದೆಯ ಗೆರೆಯನ್ನು ನೆಗೆಸುತ್ತದೆ. ತನಿಖಾಧಿಕಾರಿಯ ಇಬ್ಬರು ಜನ ಬಂದು, ತಲೆಗೆ ಮಫ್ಲರ್ ಸುತ್ತಿಕೊಂಡು ಕೂತರು. ಮೊದಲ ದಿನ ಗೆರೆ ನೆಗೆಯಲಿಲ್ಲ. ಮರುದಿನವೂ ಇಲ್ಲ. ಆ ಇಬ್ಬರಲ್ಲಿ ಒಬ್ಬ ನಕ್ಕ.

ಮೊದಲ ರಾತ್ರಿ ಕೇಂದ್ರದಲ್ಲೇ ಕಳೆದಿದ್ದ ಗುರುಶಾಂತ ಆ ಸಂಜೆ ಮನೆಗೆ ಬಂದಾಗ ಗಂಗವ್ವ ಕೇಳಿದಳು, "ಅದು ಇನ್ನೂ ತಿರಗಾಕತ್ತೈತೇನ್ರಿ?"

"ಇಲ್ರಿ. ನಿಲ್ಲಿಸೀನಿ."

ರೊಟ್ಟಿಯ ಸದ್ದು ನಿಂತಿತು. ಗುರುಶಾಂತ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು, ತನಗೆ ತಿಳಿದದ್ದನ್ನು ಹೇಳಿದ. ಗಂಗವ್ವ ಕೈಯಲ್ಲಿ ಹಿಟ್ಟಿನ ಉಂಡೆ ಹಿಡಿದುಕೊಂಡೇ ಕೇಳಿದಳು.

"ಹಂಗಾರ ಆ ಹುಡುಗಂದು ತಪ್ಪಿಲ್ಲ?"

"ಇಲ್ಲ ಅನಸತೈತ್ರಿ."

"ಮತ್ತ ಯಾರದು?"

"ಯಾರದೂ ಅಲ್ರಿ. ಯಾರಿಗೂ ಗೊತ್ತಿರಲಿಲ್ಲ."

"ಯಾರದರೆ ಇರಬೇಕ್ರಿ, ಅಳಿಯಂದ್ರ," ಎಂದಳು ಗಂಗವ್ವ. ಅವಳ ದನಿ ಒಮ್ಮೆಲೇ ಮುದಿಯಾಗಿತ್ತು. "ಐದ್ ತಿಂಗಳಾತು, ಅವಗ ಶಾಪಾ ಹಾಕಿ ಹಾಕಿ ಮಲಗೀನಿ. ಈಗ ಯಾರಿಗೆ ಹಾಕ್ಲಿ?"

ಮರುದಿನ ಮಧ್ಯಾಹ್ನ ಅವಳೇ ಬುತ್ತಿ ಕಟ್ಟಿಕೊಂಡು ಕೇಂದ್ರಕ್ಕೆ ಬಂದಳು. ಗೇಟಿನವನು ತಡೆದ. ವಾರಿಜಾ ಹೊರಗೆ ಬಂದು ಕರೆದುಕೊಂಡು ಹೋಗಿ ತಮ್ಮ ಕುರ್ಚಿಯ ಪಕ್ಕ ಇನ್ನೊಂದು ಹಾಕಿಸಿದರು. ಗಂಗವ್ವ ಐಸಿನ ಗೋಣಿಗಳ ನಡುವೆ ನಿಂತ ಎಕ್ಸಲನ್ನು ಬಹಳ ಹೊತ್ತು ನೋಡಿದಳು.

"ಇಷ್ಟs ಏನು?" ಎಂದಳು. "ನಾ ಭಾಳ ದೊಡ್ಡದು ಇರತೈತಿ ಅನ್ಕೊಂಡಿದ್ದೆ."

ಆಕೆ ಅಲ್ಲಿ ಕೂತಿರುವಾಗಲೇ ಅದು ಆಯಿತು. ಯಂತ್ರ ತಣ್ಣಗೆ ನಿಂತಿತ್ತು, ಯಾರೂ ಅದನ್ನು ಮುಟ್ಟಿರಲಿಲ್ಲ. ಪರದೆಯ ಗೆರೆ ಒಮ್ಮೆ ನೆಗೆಯಿತು. ಸ್ವಲ್ಪ ತಡೆದು ಮತ್ತೊಮ್ಮೆ. ಹೊರಗೆ ಏನೂ ಕೇಳಿಸಲಿಲ್ಲ. ಮಫ್ಲರಿನವನು ಎದ್ದು ನಿಂತ. ಗುರುಶಾಂತ ಭಾರ ಹಾಕಿ ಯಂತ್ರವನ್ನು ಮತ್ತೆ ಶುರು ಮಾಡಿದ. ಅದು ಬಿಸಿಯಾಗುವ ಮೊದಲೇ ಗೆರೆ ತುದಿಯವರೆಗೆ ಹೋಯಿತು. ಟಪ್ ಎಂಬ ಸಾಮಾನ್ಯ ಸದ್ದೊಂದು ಬಂತು, ಒಲೆಯಲ್ಲಿ ಕಟ್ಟಿಗೆ ಸಿಡಿದಂತೆ. ಹೊದಿಕೆಯ ಒಂದು ಚೂರು ಎದ್ದು ಹೋಗಿತ್ತು.

"ಒಡೀತೇನ್ರಿ?" ಎಂದಳು ಗಂಗವ್ವ.

"ಒಡೀತ್ರಿ."

"ಮತ್ತ ಈಗ?"

 ಗುರುಶಾಂತ ಯಂತ್ರ ಆರಿಸಿ ಕೈ ಒರೆಸಿಕೊಂಡ.

ವಾರಿಜಾ ಉಳಿದ ಎಲ್ಲ ಜೋಡಿಗಳನ್ನೂ ನಿಲ್ಲಿಸಲು ಹೇಳಿದರು. ಹಳಿಯುದ್ದಕ್ಕೂ ಗಾಡಿಗಳ ಹಸಿರು ದೀಪ ಆರಿತು. ಮುಂದಿನ ನಿಲ್ದಾಣದಲ್ಲಿ ಜನರನ್ನು ಇಳಿಸಿದರು. ಕಾಲೇಜಿನ ಹುಡುಗಿಯರು, ಮೀನಿನ ಬುಟ್ಟಿಯವರು, ಆಸ್ಪತ್ರೆಗೆ ಹೊರಟವರು ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತ ಪರೀಕ್ಷಾ ಕೇಂದ್ರದವರನ್ನು ಬೈದರು. ಖಾನಾಪುರದ ಶೆಡ್ಡಿನಲ್ಲಿ ಮರುದಿನ ಹೊರಡಬೇಕಿದ್ದ ಒಂದು ಗಾಡಿಯನ್ನು ಬಿಚ್ಚಿ ನೋಡಿದಾಗ, ಅದರ ಎಕ್ಸಲಿನ ಅರ್ಧಕ್ಕಿಂತ ಹೆಚ್ಚು ಭಾಗ ಒಳಗೇ ಬಿರಿದಿತ್ತು. ಆಮೇಲೆ ಬೈಗುಳ ಕಡಿಮೆಯಾಯಿತು.

ಕೋರ್ಟಿನ ಆದೇಶ ಮೀರಿದ್ದಕ್ಕೆ ಗುರುಶಾಂತನನ್ನು ಕೆಲಸದಿಂದ ಅಮಾನತು ಮಾಡಿದರು. ವಾರಿಜಾ ತಮ್ಮ ಸಮ್ಮತಿಯಿಂದಲೇ ಆದದ್ದೆಂದು ಬರೆದುಕೊಟ್ಟು ತಾವೂ ರಜೆಯ ಮೇಲೆ ಹೋದರು. ಕಾನೂನು ತಿದ್ದುವ ಸಮಿತಿಯೊಂದು ಕೂತಿತು. ಇನ್ನು ಮೇಲೆ ಜೋಡಿಗಳೂ ಗಾಡಿಗಳಂತೆಯೇ ದಿನಾ ನಿಂತು ತಣ್ಣಗಾಗಬೇಕೆಂದು ಮಾತಾಯಿತು. ಯೂನುಸನ ಮೇಲಿನ ಕೇಸು ಕೂಡಲೇ ಹೋಗಲಿಲ್ಲ, ಆದರೆ ಶೆಡ್ಡಿಗೆ ಮರಳಿ ಬರಲು ಹೇಳಿದರು.

ಗುರುಶಾಂತ ಮನೆಯಲ್ಲೇ ಇರತೊಡಗಿದ. ಇಂಚರಾಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದ, ತರಕಾರಿ ತರುತ್ತಿದ್ದ, ಉಳಿದ ಹೊತ್ತು ಅಂಗಳದಲ್ಲಿ ಕೂತಿರುತ್ತಿದ್ದ. ಒಂದು ದಿನ ಗಂಗವ್ವ ಅವನೆದುರು ಬಂದು ನಿಂತಳು.

"ಆ ಹುಡುಗನ ಮನಿ ಎಲ್ಲೈತ್ರಿ?"

ಮೂವರೂ ಬಸ್ಸಿನಲ್ಲಿ ಖಾನಾಪುರಕ್ಕೆ ಹೋದರು. ಯೂನುಸನ ಮನೆ ಶೆಡ್ಡಿನ ಹಿಂದಿನ ಓಣಿಯಲ್ಲಿತ್ತು. ಅವನ ತಾಯಿ ಬೀಬಿಜಾನ್ ಚಾಪೆ ಹಾಸಿ ಚಹಾ ತಂದಿಟ್ಟಳು.  ಗಂಗವ್ವ ಲೋಟದೊಳಗೆ ನೋಡುತ್ತ ಅಂದಳು, "ಅವತ್ತ ನಾ ಬಾಗಲಾ ಹಾಕಿದ್ದೆ."

"ನಿಮ್ಮ ಜಾಗಾದಾಗ ನಮ್ಮವ್ವ ಇದ್ರೂ ಹಾಕ್ತಿದ್ಲು ಬಿಡ್ರಿ," ಎಂದ ಯೂನುಸ್.

ಬೀಬಿಜಾನ್ ಇಂಚರಾಳ ಗಲ್ಲ ಹಿಡಿದು ನೋಡಿದಳು. "ತಾಯಿದs ಕಣ್ಣು. ಅಕಿ ಈ ಕಟ್ಟಿ ಮ್ಯಾಲೆ ಕುಂತು ಎಷ್ಟ್ ಸಲ ಉಂಡಾಳು."

ಗಂಗವ್ವ ತಲೆ ಎತ್ತಿದಳು. "ಇಲ್ಲಿ? ಕಸ್ತೂರಿ?"

"ಮಾಂಸ ಮುಟ್ತಿರಲಿಲ್ಲವ್ವಾ, ನಾವೂ ಕೊಡ್ತಿರಲಿಲ್ಲ. ಶಾವಗಿ ಪಾಯಸ ಮಾಡಿದ್ರ ಮಾತ್ರ ಡಬ್ಬಿ ಬಳದು ತಿಂತಿದ್ಲು."

"ಶಾವಗಿ ಅಂದ್ರ ಮನ್ಯಾಗ ಮಾರಿ ತಿರುವತಿದ್ಲು!" ಎಂದಳು ಗಂಗವ್ವ. ಅವಳು ಸರಿದು ಬೀಬಿಜಾನಳ ಹತ್ತಿರ ಕೂತಳು. "ಮತ್ತ? ಮತ್ತೇನ್ ತಿಂತಿದ್ಲು? ಏನ್ ಮಾತಾಡ್ತಿದ್ಲು? ಹೇಳ್ರಿ."

ಬೀಬಿಜಾನ್ ಹೇಳುತ್ತ ಹೋದಳು. ಗುರುಶಾಂತ ಬಾಗಿಲ ಬಳಿ ಕೂತು ಕೇಳುತ್ತಿದ್ದ. ಅವನಿಗೆ ಗೊತ್ತಿಲ್ಲದ ಕಸ್ತೂರಿಯೊಬ್ಬಳು ಆ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು, ಚಾಲಕರ ಮೇಲಧಿಕಾರಿಯ ನಡಿಗೆಯನ್ನು ಅಣಕಿಸುತ್ತಿದ್ದಳು, ಮಗಳಿಗೆ ಇಂಗ್ಲಿಷ್ ಶಾಲೆ ಬೇಕೋ ಬೇಡವೋ ಎಂದು ಯೂನುಸನ ತಾಯಿಯ ಹತ್ತಿರ ಸಲಹೆ ಕೇಳುತ್ತಿದ್ದಳು.

ಮರಳುವ ಬಸ್ಸು ತುಂಬಿತ್ತು. ಗಾಡಿಗಳಿಲ್ಲದ ಜನವೆಲ್ಲ ಅದರಲ್ಲೇ ಇದ್ದರು. ಇಂಚರಾ ಗುರುಶಾಂತನ ತೋಳಿನ ಮೇಲೆ ತಲೆ ಇಟ್ಟು ನಿದ್ದೆ ಹೋದಳು.

"ಕೈ ತಗೀರಿ, ಜೋಮ ಹಿಡಿತೈತಿ," ಎಂದಳು ಗಂಗವ್ವ.

"ಇರ್ಲಿ ಬಿಡ್ರಿ. ಎಚ್ಚರಾಗ್ತಾಳು."

ಬೆಳಗಾವಿ ಬರುವ ಹೊತ್ತಿಗೆ ಆ ಕೈ ಅವನದಲ್ಲವೆನ್ನುವ ಹಾಗೆ ಆಗಿತ್ತು. ಮಗಳನ್ನು ಎಬ್ಬಿಸಿ ಇಳಿಸಿ, ತಾನೂ ಇಳಿದ. ಬಸ್ ಸ್ಟ್ಯಾಂಡಿನ ಕಂಬದ ಬಳಿ ನಿಂತಾಗ ರಕ್ತ ಹರಿಯತೊಡಗಿತು. ಮೊದಲು ಬೆರಳ ತುದಿಗೆ, ಆಮೇಲೆ ಮುಂಗೈಗೆ, ಸಾವಿರ ಸೂಜಿ ಚುಚ್ಚಿದಂತೆ. ಅವನು ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ. ಹಲ್ಲು ಕಚ್ಚಿದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡ, ಮತ್ತೆ ಬಂತು. ನೋವು ಇಳಿದ ಮೇಲೂ ಅದು ನಿಲ್ಲಲಿಲ್ಲ.

"ಅಪ್ಪಗ ಏನಾತು, ಆಯಿ?" ಎಂದಳು ಇಂಚರಾ.

"ಕೈ ನೋಯಾಕತ್ತೈತಿ," ಎಂದಳು ಗಂಗವ್ವ. ಮೊಮ್ಮಗಳ ಕೈ ಹಿಡಿದು, ಅಳಿಯನಿಗೆ ಬೆನ್ನು ತಿರುಗಿಸಿ, ಓಡಾಡುವ ಜನರಿಗೆ ಅವನು ಕಾಣದ ಹಾಗೆ ಅಡ್ಡ ನಿಂತುಕೊಂಡಳು.